ಬೂಷ್ಟು ಹುಲ್ಲಿಗೆ ಬೆಲ್ಲದ ನೀರು

ಚೌಡಪ್ಪ ಹುಲ್ಲು ಒಣಗುವ ಮೊದಲೇ ಬಣವೆ ಒಟ್ಟಿದ್ದ. ಅದಕ್ಕೆ ಬೂಷ್ಟು ಹಿಡಿದಾಗ ಬೆಲ್ಲದ ನೀರು ಚಿಮುಕಿಸಿ ಹಸುವಿನ ಮುಂದೆ ಎಸೆದ.

"ಮುಗ್ಗಲು ನಾತ ಹೊಡೀತಿದೆ. ನೀನು ತಿಂತೀಯಾ ಇದನ್ನ?" ಎಂದಿತು ಹಸು.

"ದನಕ್ಕೆ ಎಲ್ಲಾ ನಡೆಯುತ್ತೆ. ತೆಪ್ಪಗೆ ತಿನ್ನು!"

ಹಸಿವು ತಾಳಲಾರದೆ ಹಸು ತಿಂದಿತು. ಹೊಟ್ಟೆಯೊಳಗಿಂದ ಬೂಷ್ಟು ನಕ್ಕಿತು: "ನನ್ನ ವಿಷ ನಿನ್ನಲ್ಲೇ ನಿಲ್ಲಲ್ಲ. ಹಾಲಿಗಿಳಿದು ಅವನ ಮೊಮ್ಮಗಳ ಲೋಟಕ್ಕೆ ಹೋಗುತ್ತೆ."

ಮರುದಿನ ಚೌಡಪ್ಪ ಹಾಲು ಕರೆಯುತ್ತಿದ್ದಾಗ ಹಸು ತಂಬಿಗೆಯನ್ನು ಜಾಡಿಸಿ ಒದೆಯಿತು. "ಮೂರ್ಖ, ನನಗೆ ತಿನ್ನಿಸಿದ್ದೇ ಇದರಲ್ಲಿದೆ! ಮಗುವಿಗೆ ಕೊಡಬೇಡ!"

"ಒದೆಯೋ ಚಾಳಿ ಬೇರೆ ಕಲಿತೆಯಾ?" ಎಂದು ಚೌಡಪ್ಪ ನಾಲ್ಕು ಬಾರಿಸಿ, ಹಿಂಗಾಲಿಗೆ ಹಗ್ಗ ಬಿಗಿದು, ಮಿಕ್ಕ ಹಾಲು ಹಿಂಡಿಕೊಂಡ. ಆಮೇಲೆ ಅಕ್ಕರೆಯಿಂದ ಮೊಮ್ಮಗಳನ್ನು ಕೂಗಿದ: "ಬಾ ಪುಟ್ಟಿ, ಮನೆ ಹಾಲು ಕುಡಿ. ಇದಕ್ಕೆ ಯಾರೂ ಏನೂ ಬೆರೆಸಿಲ್ಲ."