ಸವೆಗತ್ತಿ ಗುಡ್ಡ

ನಮ್ಮೂರಿನಿಂದ ಬಡಗಣ ದಿಕ್ಕಿಗೆ ಹೋದರೆ, ಸಜ್ಜೆಯ ಹೊಲಗಳು ಮುಗಿಯುವಲ್ಲಿ ಒಂದು ಕಲ್ಲುಗುಡ್ಡ ಎದುರಾಗುತ್ತದೆ. ಎತ್ತರವೇನೂ ಇಲ್ಲ. ನೆತ್ತಿಯ ಮೇಲೆ ಮೊಬೈಲ್ ಟವರ್ ನಿಂತಿದೆ. ಪಡುವಣ ಮಗ್ಗುಲನ್ನು ಜಲ್ಲಿಗಾಗಿ ಒಡೆದು ಒಡೆದು ಒಳಗಿನ ಬಿಳಿ ಕಲ್ಲು ಕಾಣುತ್ತಿದೆ. ಬಸ್ಸಿನ ಬೋರ್ಡಿನಲ್ಲಿ 'ಸಾವಗಟ್ಟಿ' ಎಂದು ಬರೆದಿರುವುದರಿಂದ ಹೊಸಬರು ಇದನ್ನು ಸಾವಿನ ಗುಡ್ಡವೆಂದೇ ತಿಳಿಯುತ್ತಾರೆ. ಅದು ಸರಿಯಲ್ಲ. ಇದು ಸವೆಗತ್ತಿ ಗುಡ್ಡ, ಎಂದರೆ ಸವೆದುಹೋದ ಕತ್ತಿಯ ಗುಡ್ಡ. ಈ ಕತೆಯನ್ನು ನನಗೆ ಹೇಳಿದವರು ನನ್ನ ಅಜ್ಜಿಯ ತಂಗಿ ಈರಬಸವ್ವ. ಶೇಂಗಾ ಸುಲಿಯುತ್ತ, ಬೆಳೆಯ ಸುದ್ದಿ ಹೇಳುವ ದನಿಯಲ್ಲೇ ಇದನ್ನೂ ಹೇಳಿ ಮುಗಿಸುತ್ತಿದ್ದರು.

ಹಿಂದೆ ಒಮ್ಮೆ, ಈ ಸೀಮೆ ಒಬ್ಬ ಪಾಳೆಯಗಾರನ ಕೈಯಲ್ಲಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಸಿಂಗೋಜನೆಂಬ ಕಮ್ಮಾರ ಕುಲುಮೆ ಹೂಡಿಕೊಂಡಿದ್ದನಂತೆ. ಅರಮನೆಯಿಂದ ಕರೆ ಬಂದಾಗ ಒಲ್ಲೆನೆಂದು, ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿದ್ದವನು. ಮೊದಲೇ ಮಾಡಿಟ್ಟು ಸಂತೆಯಲ್ಲಿ ಹರವಿ ಮಾರುವ ಪದ್ಧತಿ ಅವನದಲ್ಲ. ಕತ್ತಿ ಬೇಕಾದವರು ತಾವೇ ಬರಬೇಕು. ಬಂದವರ ಕೈಗೆ ಹಸಿ ಮಣ್ಣಿನ ಮುದ್ದೆ ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳುವನು. ಬೆರಳುಗಳ ಅಚ್ಚು ಮೂಡಿದ ಆ ಮುದ್ದೆಯನ್ನು ನೋಡಿಕೊಂಡೇ ಹಿಡಿಯನ್ನು ಕೆತ್ತುವನು. ಯಾವ ಕೆಲಸಕ್ಕೆ ಎಂದು ಕೇಳದೆ ಕಬ್ಬಿಣವನ್ನು ಬೆಂಕಿಗೆ ಹಾಕುತ್ತಿರಲಿಲ್ಲ. ಒಬ್ಬರಿಗೆಂದು ಮಾಡಿದ ಕತ್ತಿ ಇನ್ನೊಬ್ಬರ ಕೈಗೆ ಕೂರುತ್ತಿರಲಿಲ್ಲ ಎನ್ನುತ್ತಾರೆ.

ಅವನಲ್ಲಿಗೆ ಒಂದು ಮುಂಜಾನೆ ಮಾಳವ್ವ ಎಂಬ ಕುರಿಗಾರ ಹೆಂಗಸು ಬಂದಳು. ಆಕೆಗಿದ್ದವನು ಒಬ್ಬನೇ ಮಗ, ಬೀರ. ಬೇಸಗೆಯಲ್ಲಿ ಅವನ ಕುರಿಗಳು ಅರಮನೆಯ ಕುದುರೆಗಳಿಗೆ ಮೀಸಲಿಟ್ಟ ಹುಲ್ಲುಗಾವಲಿಗೆ ನುಗ್ಗಿದ್ದವು. ಅಲ್ಲಿ ಕಾವಲಿದ್ದ ಹುಲಿಗ ದೊಣ್ಣೆಯಿಂದ ಬೀರನ ತಲೆಗೆ ಹೊಡೆದ. ಹುಡುಗ ಸಂಜೆಯವರೆಗೆ ಬಿಸಿಲಿನಲ್ಲಿ ಬಿದ್ದಿದ್ದು ಅಲ್ಲಿಯೇ ತೀರಿಕೊಂಡ. ಮಾಳವ್ವ ಅರಮನೆಯ ಬಾಗಿಲಿಗೆ ಹೋಗಿ ದೂರು ಹೇಳಿದಳು. ಕಾವಲಿನವನು ಕಾವಲು ಕಾದಿದ್ದಾನೆ, ಅದರಲ್ಲಿ ತಪ್ಪೇನು ಎಂದು ಹೇಳಿ ಕಳುಹಿಸಿದರು. ಆಕೆ ಅಲ್ಲಿ ಅಳಲಿಲ್ಲ, ಮನೆಗೆ ಬಂದೂ ಅಳಲಿಲ್ಲ. ಮಗನಿಗೆಂದು ನೇಯಿಸಿದ್ದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಕುಲುಮೆಗೆ ನಡೆದಳು.

"ಯಾವ ಕೆಲಸಕ್ಕ ಬೇಕ ಯವ್ವಾ?" ಎಂದು ಸಿಂಗೋಜ ಕೇಳಿದ.

"ಒಬ್ಬನ ಕುತ್ತಿಗಿಗೆ."

ಸಿಂಗೋಜನಿಗೆ ಬೀರನ ಸಂಗತಿ ತಿಳಿದಿತ್ತು. ಬುದ್ಧಿ ಹೇಳಲು ಹೋಗದೆ ಮಣ್ಣಿನ ಮುದ್ದೆ ಕೊಟ್ಟ. ಆಕೆ ಬಿಗಿಯಾಗಿ ಹಿಡಿದಳು. ಎಷ್ಟು ಉದ್ದವಿರಬೇಕು, ಬೆನ್ನು ಎಷ್ಟು ದಪ್ಪವಿರಬೇಕು ಎಂದು ಕೇಳಿದ್ದಕ್ಕೆ, "ನನಗ ಅದೆಲ್ಲ ತಿಳಿಯಂಗಿಲ್ಲಪ್ಪ. ಕೈ ಬೆವತರ ಜಾರಬಾರದು, ಅಷ್ಟ," ಎಂದಳಂತೆ. ಕಂಬಳಿಯನ್ನು ಕೂಲಿಯೆಂದು ಅಲ್ಲಿಯೇ ಇಟ್ಟು ಹೋದಳು. ಸಿಂಗೋಜ ಬೋರೆ ಮರದ ಹಿಡಿ ಹಾಕಿ, ಗೇಣಿಗಿಂತ ತುಸು ಉದ್ದದ ಕತ್ತಿ ಮಾಡಿದ. ಆಕೆ ತಿರುಗಿ ಬಂದಾಗ ಅದು ಸಿದ್ಧವಾಗಿತ್ತು. ಆದರೆ ಅಲಗು ಮೊಂಡಾಗಿತ್ತು.

"ಬೆಂಕಿ ಕೆಲಸ ನಾ ಮಾಡೀನಿ. ಇಂಥಾ ಕತ್ತಿಗೆ ನಾ ಸಾಣೆ ಹಿಡಿಯಂಗಿಲ್ಲ. ಮ್ಯಾಲೆ ಹಾಸುಬಂಡಿ ಐತಿ, ನೀನ ಮಸಕೋ," ಎಂದ ಸಿಂಗೋಜ.

ಮಾಳವ್ವ ಕತ್ತಿ ತೆಗೆದುಕೊಂಡು ಗುಡ್ಡ ಹತ್ತಿದಳು. ದಿನವೂ ಬೆಳಗ್ಗೆ ಬಂದು ಬಂಡೆಯ ಮೇಲೆ ಕೂತು ಮಸೆಯುವಳು, ಹೊತ್ತು ಇಳಿದ ಮೇಲೆ ಹೋಗುವಳು. ಹಸಿವೆಂದು ಒಮ್ಮೆಯೂ ಅನ್ನಲಿಲ್ಲ. ಸಿಂಗೋಜನ ಹೆಂಡತಿ ರೊಟ್ಟಿ ತಂದಿಟ್ಟರೆ ತಿನ್ನುವಳು, ಇಡದಿದ್ದರೆ ಇಲ್ಲ. ಕಲ್ಲಿನ ಮೇಲೆ ಕಬ್ಬಿಣ ಉಜ್ಜುವ ಸದ್ದು ಹೊಲಗಳ ಆಚೆಗೂ ಕೇಳುತ್ತಿತ್ತು. ಅದು ಯಾರಿಗಾಗಿ ಎಂಬುದು ಸೀಮೆಗೆಲ್ಲ ಗೊತ್ತಾಯಿತು. ಹುಲಿಗನಿಗೂ ಗೊತ್ತಾಯಿತು.

ಒಂದು ಮಧ್ಯಾಹ್ನ ಅವನೇ ಗುಡ್ಡ ಹತ್ತಿ ಬಂದ. ಕೈಯಲ್ಲಿ ದೊಣ್ಣೆ ಇರಲಿಲ್ಲ.

"ನಾ ಹುಲಿಗ," ಎಂದ.

"ಗೊತ್ತೈತಿ," ಎಂದಳು ಮಾಳವ್ವ, ತಲೆ ಎತ್ತದೆ.

"ನೀ ಮಸಿಯೋ ಸಪ್ಪಳ ಮನಿತನಕ ಕೇಳತೈತಿ. ನನಗ ಇನ್ನ ತಾಳಾಕ ಆಗಂಗಿಲ್ಲ. ಏನ ಮಾಡತೀಯೋ ಮಾಡಿಬಿಡು." ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಆಕೆಯ ಎದುರು ಕುಳಿತು ಕತ್ತು ಬಗ್ಗಿಸಿದ.

ಮಾಳವ್ವ ಕತ್ತಿಯನ್ನು ಸೆರಗಿನಿಂದ ಒರೆಸಿದಳು. "ನನ್ನ ಮಗ ಕಡೀಕ ಏನಂದ?" ಎಂದು ಕೇಳಿದಳು.

"ನೀರು ಕೇಳಿದ."

"ಕೊಟ್ಟಿಯೇನು?"

"ಇಲ್ಲ. ಸೋಗು ಹಾಕ್ಯಾನ ಅಂದಕೊಂಡೆ."

ಆಕೆ ಅಲಗನ್ನು ಅವನ ಕುತ್ತಿಗೆಗೆ ಇಟ್ಟಳು. ತೊಗಲು ಸೀಳಿ ಸಣ್ಣ ಗೆರೆಯಾಗಿ ರಕ್ತ ಬಂತು. ಆಕೆ ಅದನ್ನು ನೋಡುತ್ತ ಇದ್ದಳು. ಸಿಟ್ಟು ಬರಬಹುದೆಂದು ಕಾದಳು, ಅಳು ಬರಬಹುದೆಂದು ಕಾದಳು. ಏನೂ ಬರಲಿಲ್ಲ ಎನ್ನುತ್ತಾರೆ. ಕುರಿಯ ಉಣ್ಣೆ ಕತ್ತರಿಸುವಾಗ ತೊಗಲಿಗೆ ತಾಗಿ ಕೆಂಪಾದಂತೆ ಕಂಡಿತೇ ಹೊರತು, ಆ ರಕ್ತ ಯಾರದೆಂಬುದು ಮನಸ್ಸಿಗೆ ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಕತ್ತಿಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಕಲ್ಲು ಒಣಗೈತಿ," ಎಂದಳು. "ನೀರು ಹಾಕು."

ಹುಲಿಗ ಎದ್ದು, ಬಂಡೆಗಳ ನಡುವಿನ ದೊಣೆಯಿಂದ ಬೊಗಸೆಯಲ್ಲಿ ನೀರು ತಂದು ಕಲ್ಲಿನ ಮೇಲೆ ಸುರಿದ. ಆಕೆ ಮತ್ತೆ ಮಸೆಯತೊಡಗಿದಳು. ಕಲ್ಲು ಒಣಗಿದಾಗ ಅವನು ಮತ್ತೆ ಹೋಗಿ ತಂದ. ಮರುದಿನವೂ ಬಂದ. ಅದರ ಮರುದಿನವೂ. ಅವರಿಬ್ಬರ ನಡುವೆ ಬೇರೆ ಮಾತು ನಡೆಯಲಿಲ್ಲ. "ಯಾಕ ಬಿಟ್ಟಳು ಅವನ್ನ?" ಎಂದು ನಾನು ಚಿಕ್ಕಂದಿನಲ್ಲಿ ಕೇಳಿದಾಗ ಈರಬಸವ್ವ, "ಆಕಿಗೇ ಗೊತ್ತಿರಲಿಲ್ಲ, ನಾ ಏನ ಹೇಳಲಿ," ಎಂದಿದ್ದರು. ಕ್ಷಮಿಸಿದಳೆಂದು ಮಾತ್ರ ಯಾರೂ ಹೇಳುವುದಿಲ್ಲ.

"ಕಬ್ಬಿಣ ಸವಿಯಾಕತ್ತೈತಿ ಯವ್ವಾ," ಎಂದು ಸಿಂಗೋಜ ಒಮ್ಮೆ ಮೇಲೆ ಬಂದು ಹೇಳಿದ. "ಸವೀಲಿ," ಎಂದಳು. ಮಳೆಗಾಲ ಬಂದು ಹೋಯಿತು. ಅಲಗು ಎಲೆಯಷ್ಟು ತೆಳ್ಳಗಾಯಿತು, ಆಮೇಲೆ ದಬ್ಬಣದಷ್ಟಾಯಿತು, ಒಂದು ದಿನ ಹಿಡಿಯ ಬಾಯಿಗೆ ಬಂದು ನಿಂತಿತು. ಮಸೆಯಲು ಇನ್ನೇನೂ ಉಳಿದಿರಲಿಲ್ಲ. ಹುಲಿಗ ಬೊಗಸೆಯಲ್ಲಿದ್ದ ನೀರನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಿದ್ದ. ಮಾಳವ್ವ ಅವನನ್ನು ದಾಟಿಕೊಂಡು ಕೆಳಗಿಳಿದಳು. ಅವನು ಅಂದೇ ಕಾವಲಿನ ಕೆಲಸ ಬಿಟ್ಟು ಹೊಳೆಯಾಚೆ ಹೋದನೆಂದು ಕೆಲವರು, ಹೋಗಲಿಲ್ಲ, ಇಲ್ಲಿಯೇ ಮುದುಕನಾಗಿ ಸತ್ತನೆಂದು ಕೆಲವರು.

ಕುಲುಮೆಯ ಮುಂದೆ ಆಕೆ ಬರಿಯ ಹಿಡಿಯನ್ನು ಸಿಂಗೋಜನ ಕೈಗೆ ಕೊಟ್ಟಳು.

"ಇನ್ನೊಂದು ಮಾಡಿಕೊಡ್ಲೇನು?" ಎಂದು ಅವನು ಕೇಳಿದ.

"ಈಳಿಗಿ ಮಾಡಿಕೊಡು," ಎಂದಳು ಆಕೆ. "ಮನ್ಯಾಗ ಬದನಿಕಾಯಿ ಕೈಲೇ ಮುರದು ಹಾಕಾಕತ್ತೀನಿ."

ಈಗ ಗುಡ್ಡ ಹತ್ತುವವರಿಗೆ ಆ ಹಾಸುಬಂಡೆ ಕಾಣಸಿಗುತ್ತದೆ. ಅದರ ನಡುವೆ ಮೊಳದುದ್ದದ ಒಂದು ಗೀರುಗುಳಿ. ಒಳಮೈ ಬಟ್ಟಲಿನಂತೆ ನುಣುಪು. ಕಲ್ಲಿನ ಕೊಡಲಿ ಮಾಡುತ್ತಿದ್ದ ಆದಿಕಾಲದ ಜನ ಮಸೆದ ಗುರುತು ಅದೆಂದು ಕಾಲೇಜಿನಿಂದ ಬಂದ ಮೇಷ್ಟ್ರು ಒಬ್ಬರು ಹೇಳಿದರು, ಇರಬಹುದು. ಅಲ್ಲಿ ಗುಡಿಯಿಲ್ಲ, ಕುಂಕುಮ ಹಚ್ಚುವವರಿಲ್ಲ. ಗುಳಿಯ ಎರಡೂ ಬದಿಗೆ, ಎದುರುಬದುರಾಗಿ, ಕೂತು ಸವೆದಂತಿರುವ ಎರಡು ತಗ್ಗುಗಳಿವೆ. ಬಂದವರು ಮೂಡಣ ಬದಿಯ, ಮಾಳವ್ವನದೆನ್ನುವ ತಗ್ಗಿನಲ್ಲಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಕೂತವರನ್ನು ನಾನು ನೋಡಿಲ್ಲ.