ತೂಕ ಬರದ ಶಾವಿಗೆ ತಂದ ಜವರ

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆ ಕಡೆ ಹೋಗಿ. ನಡುವೆ ಬಾಯಿ ಹಾಕಿದ್ರೆ ಕತೆ ಅಲ್ಲೇ ನಿಲ್ಲಿಸ್ಬುಡ್ತೀನಿ, ಈಗ್ಲೇ ಹೇಳಿದ್ದೀನಿ.

ತೊಣಸೀಕೆರೆ ಅಂತ ಒಂದೂರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ, ಅವಳಿಗೆ ಜವರ ಅಂತ ಒಬ್ಬ ಮಗ. ಮಗ ಅಂದ್ರೆ ಎಂಥ ಮಗ! ಎತ್ತು ಈಯ್ತು ಅಂದ್ರೆ ಕರು ಹೆಣ್ಣೋ ಗಂಡೋ ನೋಡ್ಕೊಂಡು ಬರೋಕೆ ಹೋಗೋನು. ಹೇಳಿದ್ದನ್ನ ಮಾಡಲ್ಲ ಅನ್ನೋ ಮಾತೇ ಇಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಆ ತಾಯಿ ಹಣೆಬರಹ.

ಹೊಂಬಾಳಮ್ಮನ ಒತ್ತುಶಾವಿಗೆ ಅಂದ್ರೆ ಸುತ್ತ ಊರಿಗೆಲ್ಲ ಹೆಸರು. ಅಕ್ಕಿಹಿಟ್ಟಿನ ಬಿಸಿ ಉಂಡೆ ಶಾವಿಗೆ ಒರಳಿಗೆ ಹಾಕಿ ಒತ್ತಿದ್ರೆ ದಾರದಂಗೆ ಇಳೀತಿತ್ತು. ಒತ್ತೋದ್ರಲ್ಲೂ ಮುಂದು, ತಿನ್ನೋದ್ರಲ್ಲೂ ಮುಂದು. ಕಾಯಿಹಾಲು, ಬೆಲ್ಲ, ಮೇಲೊಂದು ಮಿಳ್ಳೆ ತುಪ್ಪ! ತಿಂದಳು, ತಿಂದಳು, ಮೈ ಬಂತು. ಮೈ ಬಂತು, ಮಂಡಿ ಹೋಯ್ತು. ನೆಲದ ಮೇಲೆ ಕೂತ್ರೆ ಇಬ್ರು ಕೈ ಹಿಡಿದು ಎಬ್ಬಿಸಬೇಕು. ಕೊನೆಗೆ ನೆಲಕ್ಕೆ ಕೂರೋದನ್ನೇ ಬಿಟ್ಟಳು. ಕುರ್ಚಿ, ಇಲ್ಲಾ ಜಗಲಿ.

ಇಷ್ಟೇ ಆಗಿದ್ರೆ ಹೆಂಗೋ ಬದುಕು ನಡೀತಿತ್ತು. ಆದ್ರೆ ಮಗಳು ಕೋಮಲ ಬಸುರಿ. ಚೊಚ್ಚಲು ಹೆರಿಗೆ, ತವರಿಗೆ ಬರಬೇಕು. ಬಾಣಂತನ ಅಂದ್ರೆ ಸುಮ್ನೆ ಆಯ್ತಾ? ಅಜ್ಜಿ ಆದೋಳು ಬಚ್ಚಲಲ್ಲಿ ಮಣೆ ಹಾಕ್ಕೊಂಡು ಕೂತು, ಎರಡೂ ಕಾಲು ನೀಡಿ, ಕಾಲ ಮೇಲೆ ಮಗು ಮಲಗಿಸಿಕೊಂಡು ನೀರು ಹುಯ್ಯಬೇಕು. ಹೊಂಬಾಳಮ್ಮಂಗೆ ಅವಳಜ್ಜಿ ಹಂಗೇ ಹುಯ್ದಿದ್ಲು, ಜವರಂಗೆ ಅವನಜ್ಜಿ ಹಂಗೇ ಹುಯ್ದಿದ್ಲು. "ನನ್ನ ಮೊಮ್ಮಗೂಗೆ ಬೇರೆಯೋರು ನೀರು ಹುಯ್ಯೋದಾ? ನಾನು ಕುರ್ಚಿ ಮೇಲೆ ಕೂತು ನೋಡೋದಾ?" ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡಳು.

ಆಸ್ಪತ್ರೆಗೆ ಹೋದ್ರು. ಡಾಕ್ಟ್ರಮ್ಮ ಮಂಡಿ ಒತ್ತಿ ನೋಡಿದ್ರು. "ಹೊಂಬಾಳಮ್ಮ, ಮಂಡಿ ಪಾಪದ್ದು, ಹೊರೆ ನಿಮ್ಮದು. ತೂಕ ಇಳಿಸಿ, ಶಾವಿಗೆ ಕಡಿಮೆ ಮಾಡಿ" ಅಂದ್ರು.

ಶಾವಿಗೆ ಕಡಿಮೆ ಮಾಡೋದಾ! ಅದಕ್ಕಿಂತ ಉಸಿರು ಕಡಿಮೆ ಮಾಡು ಅನ್ನಬಹುದಿತ್ತು. ಅಷ್ಟರಲ್ಲಿ ಕೋಮಲ ಫೋನು ಮಾಡಿದ್ಲು. "ಅವ್ವ, ಅಳಬೇಡ. ಈಗ ಹೊಸ ಶಾವಿಗೆ ಬಂದೈತೆ. ಅದ್ಯಾವುದೋ ಗೆಡ್ಡೆದಂತೆ. ಎಷ್ಟು ತಿಂದ್ರೂ ತೂಕ ಬರಲ್ವಂತೆ!"

"ಜವರ! ಬಾ ಇಲ್ಲಿ. ಪೇಟೆಗೆ ಹೋಗಿ ವಾಸುಶೆಟ್ರ ಅಂಗಡೀಲಿ ತೂಕ ಬರದೇ ಇರೋ ಶಾವಿಗೆ ಕೇಳು. ಕೊಟ್ಟಿದ್ದನ್ನ ಕಣ್ಮುಚ್ಕೊಂಡು ತರಬೇಡ, ತೂಗಿ ನೋಡಿ ತಗೊ."

"ತೂಗಿ ನೋಡಿ ತತ್ತೀನಿ ಕಣವ್ವ" ಅಂದ.

ಹೋದ. ಶೆಟ್ರು ಒಂದು ಪೊಟ್ಟಣ ಮುಂದಿಟ್ರು. ಒಳಗೆ ಬೆಳ್ಳಗೆ ಶಾವಿಗೆ, ಸುತ್ತ ನೀರು. ತಕ್ಕಡೀಲಿ ಇಟ್ಟ, ದಪ್ಪಂತ ಕೂತ್ಕೊಂತು. ಪಕ್ಕದಲ್ಲಿ ಒಣ ರವೆ ಶಾವಿಗೆ ಪೊಟ್ಟಣ ಇತ್ತು. ಅದನ್ನಿಟ್ಟ, ಹಗೂರಕ್ಕೆ ಮೇಲೆದ್ದಿತು.

"ಏನ್ ಶೆಟ್ರೇ, ನನ್ನ ಪೆದ್ದ ಅಂದ್ಕೊಂಡ್ರಾ? ತೂಕ ಇರೋದನ್ನ ತೂಕ ಬರಲ್ಲ ಅಂತೀರಲ್ಲ!"

ಒಣ ಶಾವಿಗೇನೇ ತಂದ. ಹೊಂಬಾಳಮ್ಮ ಹಣೆ ಹಣೆ ಚಚ್ಕೊಂಡಳು. "ಅಯ್ಯೋ ಮಂಕೇ! ಇದು ಹಬ್ಬಕ್ಕೆ ಪಾಯಸ ಮಾಡೋದು ಕಣ್ಲಾ! ನೀರೊಳಗೆ ಇರೋ ಶಾವಿಗೆ ಬೇಕಿತ್ತು. ನೀರೊಳಗೆ ಇದ್ರೆ ತೂಕ ಬರಲ್ಲ. ಹೋಗು, ಬದಲಾಯಿಸ್ಕೊಂಡು ಬಾ!"

"ಅಷ್ಟೇ ತಾನೇ? ಮೊದಲೇ ಹೇಳಬಾರದಾ!"

ಹೋದ. ದಾರೀಲಿ ನಾಲೆ ಸಿಕ್ತು. ನೀರೊಳಗೆ ಇದ್ರೆ ಸಾಕು ಅಂದ್ಲಲ್ಲ ಅವ್ವ, ಪೇಟೆ ತನಕ ಯಾಕೆ? ಪೊಟ್ಟಣ ಹರಿದು ಶಾವಿಗೇನೆಲ್ಲ ನಾಲೆಗೆ ಬಿಟ್ಟು, ದಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅರ್ಧ ತೇಲಿ ಹೋಯ್ತು, ಅರ್ಧ ಮೀನು ತಿಂದ್ವು. ಮೀನಿನ ಮೈ ಬರುತ್ತೋ ಇಲ್ವೋ ಅಂತ ಕತ್ತು ಬಗ್ಗಿಸಿ ನೋಡ್ತಾನೇ ಇದ್ದ. ಸಂಜೆಗೆ ಒಂದು ಮುಷ್ಟಿ ಅಂಟು ಹಿಡ್ಕೊಂಡು ಬಂದ.

"ಅವ್ವ, ನೀರೊಳಗೆ ಇಟ್ಟಿದ್ದೆ. ಮೀನು ಒಂಚೂರೂ ದಪ್ಪ ಆಗ್ಲಿಲ್ಲ. ನಿಜ ಕಣವ್ವ, ತೂಕ ಬರಲ್ಲ!"

"ನಿನ್ನ ಹೊಟ್ಟೆ ಸೇದೋಗ! ನಾಲೇಲಿ ನೆನೆಸು ಅಂದ್ನಾ? ಅಂಗಡಿ ಪೊಟ್ಟಣ ತರಬೇಕು. ಮನೆಗೆ ತಂದು, ಕತ್ತರಿಸಿ, ಒಳಗೆ ನೀರಂಗಿರೋದನ್ನ ಬಚ್ಚಲಿಗೆ ಚೆಲ್ಲಿ, ವಾಸನೆ ಹೋಗೋ ತನಕ ತೊಳೀಬೇಕು. ಕೋಮಲ ಹಂಗೇ ಹೇಳವ್ಳೆ. ಬರೋವಾಗ ಹಂಗೇ ಒಂದು ಹಾಲಿನ ಪೊಟ್ಟಣಾನೂ ತಾ, ಕಾಫಿಗಿಲ್ಲ."

ಮಾರನೆ ದಿನ ಜವರ ಸರಿಯಾದ್ದನ್ನೇ ತಂದ. ಶಾವಿಗೆ ಪೊಟ್ಟಣ ಕತ್ತರಿಸಿದ, ನೀರು ಬಚ್ಚಲಿಗೆ ಚೆಲ್ಲಿದ, ಗಸಗಸ ತೊಳೆದ. ಹೊಂಬಾಳಮ್ಮ ಜಗಲಿ ಮೇಲಿಂದ ನೋಡಿ, "ಅಬ್ಬ, ನನ್ನ ಮಗನಿಗೂ ಬುದ್ಧಿ ಬಂತಲ್ಲ" ಅಂದ್ಲು. ಬಾಯಿ ಮುಚ್ಚೋ ಹೊತ್ತಿಗೆ ಹಾಲಿನ ಪೊಟ್ಟಣಾನೂ ಕತ್ತರಿಸಿದ, ಬಚ್ಚಲಿಗೆ ಚೆಲ್ಲಿದ, ಖಾಲಿ ಪೊಟ್ಟಣ ಹಾಲಿನ ವಾಸನೆ ಹೋಗೋ ತನಕ ಉಜ್ಜಿ ಉಜ್ಜಿ ತೊಳೆದ.

"ಅಯ್ಯೋ ನನ್ನ ಹಾಲೇ! ಹಾಲು ಯಾರಾದ್ರೂ ಬಚ್ಚಲಿಗೆ ಚೆಲ್ತಾರಾ? ಹಾಲು ಅಂದ್ರೆ ಹಸೂದಾಗ್ಲಿ ಕಾಯಿದಾಗ್ಲಿ, ಶಾವಿಗೆ ಮೇಲೆ ಸುರಿಯೋದು ಕಣ್ಲಾ!"

"ಸುರೀತೀನಿ ಕಣವ್ವ, ಇನ್ಮೇಲೆ ಸುರೀತೀನಿ!"

ಸುರಿದ. ಕಾಯಿ ತುರಿದು, ರುಬ್ಬಿ, ಹಿಂಡಿ ಸುರಿದ. ಬೆಲ್ಲ ಸುರಿದ. ತುಪ್ಪ ಸುರಿದ. ಹೊಂಬಾಳಮ್ಮ ಮೊದಲನೇ ತುತ್ತಿಗೆ ಮೂತಿ ಸೊಟ್ಟಗೆ ಮಾಡಿದ್ಲು. ರುಚಿ ಇಲ್ಲ, ಪಚಿ ಇಲ್ಲ, ಹಲ್ಲಿಗೆ ರಬ್ಬರಿನಂಗೆ ಸಿಕ್ತದೆ. ಆದ್ರೆ ಕಾಯಿಹಾಲು ಇತ್ತಲ್ಲ, ಹಂಗೇ ಜಾರ್ತು. "ತೂಕ ಬರದ ಶಾವಿಗೆ ತಾನೇ, ಇನ್ನೊಂದಿಷ್ಟು ಹಾಕು." ಹಾಕಿದ. "ಇನ್ನೊಂದಿಷ್ಟು ಸುರಿ." ಸುರಿದ. ಮುಂಚೆ ಹೊತ್ತಿಗೆ ಒಂದು ತಟ್ಟೆ ತಿನ್ನೋಳು ಈಗ ಎರಡು ತಟ್ಟೆ. ಹಂಗೇ ದಿನಗಳು ಹೋದ್ವು.

ಆಸ್ಪತ್ರೇಲಿ ತೂಕದ ಯಂತ್ರದ ಮೇಲೆ ನಿಂತ್ಲು. ಮುಳ್ಳು ಇಳೀಲಿಲ್ಲ, ಹತ್ತಿತು!

ಜವರ ಬಗ್ಗಿ ಮುಳ್ಳನ್ನೇ ನೋಡಿದ. "ಡಾಕ್ಟ್ರಮ್ಮ, ನನಗೊಂದು ತಿಳೀತಿಲ್ಲ. ಶಾವಿಗೇಲಿ ಏನೂ ಇಲ್ಲ ಅಂತಾರೆ. ಏನೂ ಇಲ್ಲದ್ದನ್ನ ತಿಂದ್ರೆ ಏನೂ ಆಗಬಾರದಲ್ವಾ? ನಮ್ಮವ್ವಂಗೆ ಯಾಕಾಯ್ತು?"

ಏನ್ ನಗ್ತೀರಿ? ನಿಮಗೆ ಗೊತ್ತಿತ್ತಾ ಉತ್ತರ? ಪೆದ್ದ ಕೇಳೋದನ್ನ ಜಾಣರು ಕೇಳಲ್ಲ, ಅದಕ್ಕೇ ಜಾಣರು ದಪ್ಪ ಆಗೋದು.

ಡಾಕ್ಟ್ರಮ್ಮ ಕೂರಿಸಿ ಹೇಳಿದ್ರು. "ನೋಡಪ್ಪ, ಆ ಶಾವಿಗೇಲಿ ಇರೋದು ಬಹುಪಾಲು ನೀರು, ಒಂದಿಷ್ಟು ಗೆಡ್ಡೆ ನಾರು. ಹೊಟ್ಟೆ ತುಂಬಿದಂಗೆ ಆಗುತ್ತೆ, ಮೈಗೆ ಹತ್ತೋದು ಕಮ್ಮಿ. ಅಕ್ಕಿ ಶಾವಿಗೆ ಬಿಟ್ಟು ಅದರ ಜಾಗದಲ್ಲಿ ಇದನ್ನ ತಿಂದ್ರೆ ಅಷ್ಟರಮಟ್ಟಿಗೆ ಒಳ್ಳೇದು. ಅದು ತಾನಾಗೇ ಯಾರನ್ನೂ ಇಳಿಸಲ್ಲ. ಮೇಲೆ ಏನು ಹಾಕಿದ್ರಿ?"

"ಕಾಯಿಹಾಲು, ಬೆಲ್ಲ, ತುಪ್ಪ."

"ಸರಿಹೋಯ್ತು! ಶಾವಿಗೆ ಏನ್ ಮಾಡುತ್ತೆ ಪಾಪ? ಇನ್ಮೇಲೆ ನಿಮ್ಮವ್ವ ತಿನ್ನೋದರ ಮೇಲೆ ಏನೂ ಸುರೀಬೇಡ, ತಿಳೀತಾ?"

"ಏನೂ ಸುರಿಯಲ್ಲ ಡಾಕ್ಟ್ರಮ್ಮ!"

ಅವತ್ತು ರಾತ್ರಿ ಹೊಂಬಾಳಮ್ಮ ಮುದ್ದೆ ಮಾಡಿದ್ಲು, ಉಪ್ಸಾರು ಮಾಡಿದ್ಲು. ತಟ್ಟೆಗೆ ಮುದ್ದೆ ಬಿತ್ತು. ಸಾರಿನ ಸೌಟಿಗೆ ಕೈ ಹಾಕಿದ್ಲು, ಜವರ ಸಾರಿನ ಪಾತ್ರೆ ಎತ್ಕೊಂಡು ಹಿತ್ತಲಿಗೆ ಓಡಿದ.

"ಸಾರು ಕೊಡ್ಲಾ!"

"ಸುರೀಬೇಡ ಅಂದವ್ರೆ!"

ಹಸಿವು ತಡೀದೆ ಬರೀ ಮುದ್ದೆ ಮುರಿದು ಬಾಯಿಗಿಟ್ಟಳು. ಗಂಟಲಲ್ಲಿ ಕೂತ್ಕೊಂತು. ಹಕ್ಕ್! ಬಿಕ್ಕಳಿಕೆ. "ನೀ... ಹಕ್ಕ್... ನೀರು!" ಇವನು ನೀರಿನ ಚೊಂಬನ್ನೂ ಎತ್ಕೊಂಡ. "ಮುದ್ದೆ ಮೇಲೆ ನೀರು ಸುರಿದಂಗೆ ಆಯ್ತದೆ ಕಣವ್ವ!" ಪಕ್ಕದ ಮನೆ ಕೆಂಚಮ್ಮ ಸದ್ದು ಕೇಳಿ ಓಡಿಬಂದು ನೀರು ಕುಡಿಸಿದ್ಲು. ಇಲ್ಲದಿದ್ರೆ ಮೊಮ್ಮಗೂನ ನೋಡೋಕೂ ಅವಳಿರ್ತಿರಲಿಲ್ಲ.

ಬೆಳಗಾಗ್ತಿದ್ದಂಗೆ ಹೊಂಬಾಳಮ್ಮ ಇವನ ಕಿವಿ ಹಿಡ್ಕೊಂಡು ಡಾಕ್ಟ್ರಮ್ಮನ ಮುಂದೆ ನಿಲ್ಲಿಸಿದ್ಲು. ಡಾಕ್ಟ್ರಮ್ಮ ನಕ್ಕು ನಕ್ಕು ಸುಸ್ತಾದ್ರು. "ಸಾರು ಕೊಡಪ್ಪ, ನೀರು ಕೊಡು, ಸೊಪ್ಪು ಕಾಳು ಮೊಟ್ಟೆ ಎಲ್ಲ ಕೊಡು, ಗೆಡ್ಡೆ ಶಾವಿಗೇನೂ ಸಪ್ಪಗೆ ಕೊಡು. ಬೆಲ್ಲ, ತುಪ್ಪ, ಕಾಯಿಹಾಲು ಮಾತ್ರ ದೂರ ಇಡು. ಆಮೇಲೆ ಬರೀ ಬಾಯಿ ಕಟ್ಟಿದ್ರೆ ಸಾಲದು, ನಡೀಬೇಕು. ದಿನಾ ಕೆರೆ ಏರಿ ಮೇಲೆ ನಡೆಸು. ಕೂರೋಕೆ ಮಾತ್ರ ಬಿಡಬೇಡ."

"ಬಿಡಲ್ಲ ಡಾಕ್ಟ್ರಮ್ಮ, ಕೂರೋಕೆ ಬಿಡಲ್ಲ!"

ಹೊಂಬಾಳಮ್ಮ ಆಗ್ಲೇ ತಲೆ ಮೇಲೆ ಕೈ ಇಟ್ಕೊಂಡ್ಲು. ಹೆತ್ತೋಳಿಗೆ ಗೊತ್ತಿರಲ್ವಾ?

ಏರಿ ಮೇಲೆ ನಡೆದು ಬಂದು ಉಸ್ಸಪ್ಪ ಅಂತ ಜಗಲಿ ಕಡೆ ತಿರುಗಿದ್ಲು, ಜವರ ಜಗಲಿ ತುಂಬ ಸಗಣಿ ಸಾರಿಸಿಟ್ಟಿದ್ದ. ಕುರ್ಚಿ ಎಳ್ಕೊಂಡ್ಲು, ಕುರ್ಚಿ ಅಟ್ಟದ ಮೇಲಿತ್ತು. ಕೆಂಚಮ್ಮನ ಮನೆಗೆ ಹೋಗಿ ಕೂರೋಣ ಅಂದ್ರೆ, ಇವನು ಮುಂಚೇನೇ ಹೋಗಿ ಅವಳ ಚಾಪೇನೂ ಸುತ್ತಿಟ್ಟಿದ್ದ. "ನಿನ್ನ ಮನೆ ಹಾಳಾಗ!" ಅಂತ ಪೊರಕೆ ಹಿಡ್ಕೊಂಡ್ಲು ನೋಡಿ, ಇವನು ಮುಂದೆ, ಅವಳು ಹಿಂದೆ! ಬೀದಿ ಈ ತುದಿಯಿಂದ ಆ ತುದಿ. ಮೊದಲು ಕುಂಟ್ಕೊಂಡು, ಆಮೇಲೆ ದಾಪುಗಾಲು. ದಿನಾ ಇದೇ. ಊರೋರಿಗೆ ಪುಕ್ಕಟೆ ನಾಟಕ.

ಅತ್ಲಾಗೆ ಕೋಮಲಂಗೆ ದಿನ ತುಂಬ್ತಾ ಬಂತು, ಇತ್ಲಾಗೆ ಹೊಂಬಾಳಮ್ಮನ ರವಿಕೆ ಸಡಿಲ ಆಯ್ತು. ಆಸ್ಪತ್ರೆ ಮುಳ್ಳು ಇಳೀತು, ಇನ್ನೂ ಇಳೀತು. ಊರೆಲ್ಲ ಒಂದೇ ಮಾತು. "ಆ ಗೆಡ್ಡೆ ಶಾವಿಗೆ ಕಣೇ!" ಅಂತ ಒಬ್ಬಳು. "ತುಪ್ಪ ಬಿಟ್ಟಿದ್ದಕ್ಕೆ" ಅಂತ ಇನ್ನೊಬ್ಬಳು. "ಎಂಥದೂ ಅಲ್ಲ, ಪೊರಕೆ" ಅಂತ ಕೆಂಚಮ್ಮ. ಜವರನೇ ಹೋಗಿ ಡಾಕ್ಟ್ರಮ್ಮನ್ನ ಕೇಳ್ದ.

"ಎಲ್ಲದರದ್ದೂ ಪಾಲೈತಪ್ಪ. ಶಾವಿಗೆ ಪಾಲು ಸಣ್ಣದು" ಅಂದ್ರು ಅವರು.

ಕೋಮಲ ಬಂದ್ಲು, ಹೆತ್ಲು. ಹೆಣ್ಣು ಮಗು, ಕೆಂಪಗೆ ಮುಷ್ಟಿ ಬಿಗಿ ಹಿಡ್ಕೊಂಡಿತ್ತು. ಮಗು ಮನೆಗೆ ಬಂತು, ನೀರು ಹುಯ್ಯೋ ದಿನ ಬಂತು. ಹಂಡೆ ಕಾಯ್ತು. ಬೀದಿ ಹೆಂಗಸರೆಲ್ಲ ಬಂದು ನಿಂತ್ರು, ಮಗು ನೋಡೋಕೆ ಅರ್ಧ, ಇವಳು ಕೂರ್ತಾಳೋ ಇಲ್ವೋ ನೋಡೋಕೆ ಅರ್ಧ. ಹೊಂಬಾಳಮ್ಮ ಮಣೆ ಇಟ್ಲು. ಜವರ ಸರಕ್ಕಂತ ಮಣೆ ಎಳ್ಕೊಂಡ.

"ಕೂರೋಕೆ ಬಿಡಲ್ಲ!"

ಹೊಂಬಾಳಮ್ಮನ ಕಣ್ಣಲ್ಲಿ ನೀರು ಬಂದುಬಿಡ್ತು. "ಮಗ, ಇಷ್ಟು ದಿನ ಆ ಸಪ್ಪೆ ರಬ್ಬರು ತಿಂದಿದ್ದು, ಬಿಸಿಲಲ್ಲಿ ನಡೆದಿದ್ದು, ಎಲ್ಲಾ ಇವತ್ತು ಇಲ್ಲಿ ಕೂರೋಕೆ ಕಣ್ಲಾ. ಕೂರೋಕೆ ಬಿಡು. ಕೂತ ಮೇಲೆ ಏಳಿಸಬೇಡ. ಬೇರೆ ಯಾರು ಬಂದ್ರೂ ಏಳಿಸೋಕೆ ಬಿಡಬೇಡ. ಕೇಳಿಸ್ತಾ?"

"ಕೇಳಿಸ್ತು ಕಣವ್ವ. ಯಾರೂ ಏಳಿಸಲ್ಲ. ನಾನಿದ್ದೀನಿ."

ಮಣೆ ಕೊಟ್ಟ. ಹೊಂಬಾಳಮ್ಮ ಗೋಡೆ ಹಿಡಿದು ಮೆಲ್ಲಗೆ ಬಗ್ಗಿದ್ಲು. ಮಂಡಿ ಕಟಕಟ ಅಂತು, ಆದ್ರೆ ಮಡಿಚ್ಕೊಂತು. ಕೂತ್ಲು! ಎರಡೂ ಕಾಲು ನೀಡಿದ್ಲು. ಕೋಮಲ ಮಗೂನ ಕಾಲ ಮೇಲೆ ಮಲಗಿಸಿದ್ಲು. ಅಜ್ಜಿ ಎಣ್ಣೆ ಹಚ್ಚಿದ್ಲು, ಮೂಗು ತೀಡಿದ್ಲು, ಬೆಚ್ಚನೆ ನೀರು ಹುಯ್ದ್ಲು. ಮಗು ಮೊದಲು ಕಿರುಚ್ತು, ಆಮೇಲೆ ಅಜ್ಜಿ ಕಾಲ ಮೇಲೆ ಕಣ್ಣು ಮುಚ್ಕೊಂಡು ತೆಪ್ಪಗಾಯ್ತು. ಹೊಂಬಾಳಮ್ಮ ನಗ್ತಾ ಅಳ್ತಾ ಇದ್ಲು, ನೋಡ್ತಿದ್ದ ಕೆಂಚಮ್ಮನೂ ಅತ್ಲು.

ಕೋಮಲ ಮಗೂನ ಬಟ್ಟೆಯಲ್ಲಿ ಸುತ್ಕೊಂಡು ಒಳಗೆ ಹೋದ್ಲು. ಹೊಂಬಾಳಮ್ಮ ಕೈ ಚಾಚಿದ್ಲು. "ಜವರ, ಕೈ ಕೊಡ್ಲಾ, ಏಳ್ತೀನಿ."

"ಆಗಲ್ಲ ಕಣವ್ವ."

"ಯಾಕ್ಲಾ?"

"ಏಳಿಸಬೇಡ ಅಂದಿದ್ದೀಯಲ್ಲ!"

ಕೆಂಚಮ್ಮ ಮುಂದೆ ಬಂದ್ಲು. ಇವನು ಬಚ್ಚಲ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತ. "ಹುಷಾರ್! ಯಾರೂ ನಮ್ಮವ್ವನ್ನ ಏಳಿಸಕೂಡದು!" ಇನ್ನೊಬ್ಬಳು ಪಕ್ಕದಿಂದ ನುಗ್ಗಿದ್ಲು, ಅವಳನ್ನೂ ತಡೆದ. ಕೋಮಲ ಒಳಗಿಂದ ಕೂಗಿದ್ಲು. "ಬಿಡೋ ಅಣ್ಣ, ಅವ್ವಂಗೆ ಶೀತ ಆಯ್ತದೆ!" ಉಹೂಂ. ಒದ್ದೆ ಸೀರೆ ತಣ್ಣಗಾಯ್ತು. ಹೊಂಬಾಳಮ್ಮ ಬೈದ್ಲು, ಕೂಗಿದ್ಲು, ಅಂಗಲಾಚಿದ್ಲು. ಉಹೂಂ ಅಂದ್ರೆ ಉಹೂಂ!

ಹೊಂಬಾಳಮ್ಮನಿಗೆ ರೇಗಿತು ನೋಡಿ! ನೀರು ಹುಯ್ಯೋ ಚೊಂಬು ಬಿಗಿಯಾಗಿ ಹಿಡ್ಕೊಂಡು, ಇನ್ನೊಂದು ಕೈ ನೆಲಕ್ಕೂರಿ, ಹಲ್ಲು ಕಚ್ಚಿ ದಡಕ್ಕನೆ ಎದ್ದು ನಿಂತ್ಲು. ಗೋಡೆ ಹಿಡೀಲಿಲ್ಲ. ಯಾರ ಕೈಯೂ ಹಿಡೀಲಿಲ್ಲ.

ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಕೊಂಡ್ರು. ಹೊಂಬಾಳಮ್ಮ ಬಗ್ಗಿ ತನ್ನ ಮಂಡಿ ನೋಡ್ಕೊಂಡ್ಲು, ಆಮೇಲೆ ತಲೆ ಎತ್ತಿ ಮಗನ್ನ ನೋಡಿದ್ಲು.

ಜವರ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿದು ಹೇಳ್ದ. "ನಿನ್ನಾಣೆ ಕಣವ್ವ, ನಾನು ಏಳಿಸಲಿಲ್ಲ! ಯಾರನ್ನೂ ಬಿಡಲೂ ಇಲ್ಲ! ನೀನೇ ಎದ್ದೆ!"