ಖಳನ ಮಾತೆಲ್ಲ ನಾಯಕನಿಗೆ

ಚಿತ್ರಕಥೆ ಬರೆಯುವ, ಬರೆಯಲು ಕಲಿಸುವ ಮೇಷ್ಟ್ರೊಬ್ಬರ ತರಗತಿಗೆ ನಿವೃತ್ತಿಯಾದ ಮೇಲೆ ನಾನೂ ಸೇರಿಕೊಂಡೆ. ಒಂದು ದಿನ ಅವರ ಹೊಸ ಚಿತ್ರದ ನಾಯಕ ಸಮರಾದಿತ್ಯ ಅಲ್ಲಿಗೇ ಬಂದ.

"ಕೋರ್ಟ್ ಸೀನಲ್ಲಿ ಖಳನಿಗೆ ಯಾಕ್ರೀ ಅಷ್ಟೊಂದು ಡೈಲಾಗು? ಎಲ್ಲ ನನಗೆ ಕೊಡಿ. ಇಲ್ಲಾಂದ್ರೆ ಬೇರೆ ರೈಟರ್ ನೋಡ್ಕೋತೀನಿ."

ಮೇಷ್ಟ್ರಿಗೆ ಕಥೆ ಕೈಬಿಡುವ ಹಾಗಿಲ್ಲ, ಸೀನು ಕೆಡಿಸುವ ಹಾಗೂ ಇಲ್ಲ. ಏನು ಮಾಡುತ್ತಾರೋ ಅಂತ ನನಗೆ ಕುತೂಹಲ. ಅವರು "ಆಗಲಿ ಸ್ವಾಮಿ" ಅಂದು ಖಳನ ಮಾತನ್ನೆಲ್ಲ ಅಲ್ಲೇ ನಾಯಕನಿಗೆ ಬರೆದುಕೊಟ್ಟರು. "ಒಮ್ಮೆ ಓದಿ ತೋರಿಸಿ, ಇವರೂ ಕಲೀಲಿ."

ಖಳನಾಗಿ ಎದುರಿಗೆ ನನ್ನನ್ನು ಕೂರಿಸಿದರು. "ರಾಯರೇ, ಸುಮ್ಮನೆ ಅವರನ್ನೇ ನೋಡ್ತಾ ಇರಿ, ಸಾಕು." ನಾನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದೆ ಅಂದರೆ ನನ್ನ ಹೆಂಡತಿ ಈಗಲೂ ನಂಬುವುದಿಲ್ಲ.

ಆತ ಗುಡುಗಿದ, ಮೇಜು ಗುದ್ದಿದ. ಮುಗಿಸಿ ತಲೆಯೆತ್ತಿದರೆ ಇಡೀ ತರಗತಿ ನನ್ನನ್ನೇ ನೋಡುತ್ತಿದೆ.

"ಏನಮ್ಮಾ, ಅವರಲ್ಲೇನಿದೆ?" ಅಂತ ಮುಂದಿನ ಸಾಲಿನ ಹುಡುಗಿಯನ್ನು ಕೇಳಿದ.

"ಇಷ್ಟೆಲ್ಲ ಬೈಸಿಕೊಂಡೂ ಸುಮ್ಮನಿದ್ದಾರಲ್ಲ ಸರ್. ಮನಸ್ಸಲ್ಲಿ ಏನಿಟ್ಟುಕೊಂಡಿದ್ದಾರೋ ಅಂತ ಕಾಯ್ತಿದ್ವಿ."

ಸಮರಾದಿತ್ಯ ಬೆವರು ಒರೆಸಿಕೊಂಡು ಹಾಳೆಗಳನ್ನು ಮೇಷ್ಟ್ರ ಕೈಗಿಟ್ಟ.

"ಅವನ ಮಾತು ಅವನಿಗೇ ಕೊಟ್ಟುಬಿಡಿ," ಅಂದ. ಬಾಗಿಲ ತನಕ ಹೋದವನು ತಿರುಗಿ ಬಂದ. "ನನ್ನ ಮಾತಲ್ಲೂ ಅರ್ಧ ಅವನ ತಲೆಗೇ ಕಟ್ಟಿ, ಮೇಷ್ಟ್ರೇ."